ಕಂಪೈಲರುಗಳ ದೋಷಗಳೂ ಅವುಗಳ ದಾಖಲೆಯೂ

ಯಂತ್ರಗಳ ಇತಿಹಾಸವನ್ನು ಬರೆಯಹೊರಟವರಿಗೆ ದೊರೆಯುವ ಆಧಾರಗಳಲ್ಲಿ ಬಹುಭಾಗವು ತಯಾರಕರ ಪ್ರಕಟಣೆಗಳೇ ಆಗಿರುತ್ತವೆ. ಅವುಗಳಲ್ಲಿ ಯಂತ್ರದ ಗುಣಗಳ ವರ್ಣನೆಯಿರುವುದೇ ಹೊರತು ದೋಷಗಳ ಒಪ್ಪಿಗೆ ವಿರಳ. ಕಂಪ್ಯೂಟರಿನ ವಿಷಯದಲ್ಲಿಯಾದರೋ ದೋಷಗಳ ದಾಖಲೆಯೊಂದು, ಇತಿಹಾಸಕಾರರು ಸಾಮಾನ್ಯವಾಗಿ ನೋಡದ ಸ್ಥಳದಲ್ಲಿ, ಉಳಿದುಬಂದಿದೆ. ಪ್ರೋಗ್ರಾಮುಗಳೊಡನೆ ಬರುವ ‘ಕಾನ್ಫಿಗರ್’ ಎಂಬ ಸ್ಕ್ರಿಪ್ಟೇ ಆ ಸ್ಥಳ. ಅದನ್ನು ಆಕರವಾಗಿ ಓದುವ ಬಗೆಯನ್ನು ಇಲ್ಲಿ ವಿವರಿಸಲು ಯತ್ನಿಸುವೆವು.

ಮನುಷ್ಯನು ಸಿ ಮೊದಲಾದ ಭಾಷೆಗಳಲ್ಲಿ ಬರೆದುದನ್ನು ಯಂತ್ರದ ಆಜ್ಞೆಗಳಾಗಿ ಮಾರ್ಪಡಿಸತಕ್ಕ ಪ್ರೋಗ್ರಾಮಿಗೆ ಕಂಪೈಲರ್ ಎಂದು ಹೆಸರು. ಅದೂ ಮನುಷ್ಯಕೃತವಾದುದರಿಂದ ಅದರಲ್ಲಿಯೂ ತಪ್ಪುಗಳುಂಟು. 1980ರ ದಶಕದಲ್ಲಿ ಯೂನಿಕ್ಸ್ ವ್ಯವಸ್ಥೆಯು ಹಲವು ಕಂಪೆನಿಗಳ ಯಂತ್ರಗಳಿಗೆ ಹರಡಿದಾಗ ಕಂಪೈಲರುಗಳೂ ನಾನಾ ಬಗೆಯಾದುವು. ಒಂದೆಡೆ ಸರಿಯಾಗಿ ಸಿದ್ಧವಾದ ಪ್ರೋಗ್ರಾಂ ಇನ್ನೊಂದೆಡೆ ನಿಂತುಹೋಗುತ್ತಿತ್ತು. ಅದನ್ನು ಬರೆದವನು ಪರರ ಕಂಪೈಲರನ್ನು ತಿದ್ದಲಾರ. ದೋಷಕ್ಕೆ ಸಿಕ್ಕದೆ ಸುತ್ತಿ ಹೋಗುವ ದಾರಿಯನ್ನು ಮಾತ್ರ ಹುಡುಕಬಲ್ಲ.

ಇದಕ್ಕೆ ಎರಡು ವಿಧಾನಗಳುಂಟು. ಕಂಪೈಲರಿನ ಹೆಸರನ್ನೂ ಆವೃತ್ತಿಯನ್ನೂ ಕೇಳಿ ನಿರ್ಣಯಿಸುವುದು ಒಂದು. ಚಿಕ್ಕದೊಂದು ಪ್ರೋಗ್ರಾಮನ್ನು ಅದಕ್ಕೆ ಕೊಟ್ಟು ಫಲವನ್ನು ಪರೀಕ್ಷಿಸುವುದು ಇನ್ನೊಂದು. 1991ರಲ್ಲಿ ಡೇವಿಡ್ ಮೆಕೆಂಜಿಯವರು ಗ್ನೂ ಪ್ರೋಗ್ರಾಮುಗಳಿಗಾಗಿ ಆರಂಭಿಸಿದ ಆಟೋಕಾನ್ಫ್ ಎಂಬ ಸಾಧನವು ಎರಡನೆಯ ಮಾರ್ಗವನ್ನು ಹಿಡಿಯಿತು.

ಅದರ ಒಂದು ಪರೀಕ್ಷೆಯನ್ನು ನೋಡೋಣ. ಬೆಲೆಯನ್ನು ಬದಲಿಸಕೂಡದೆಂದು ಸೂಚಿಸುವ ‘ಕಾನ್ಸ್ಟ್’ ಎಂಬ ಪದವು ಸಿ ಭಾಷೆಯ 1989ರ ಅಮೆರಿಕನ್ ಪ್ರಮಾಣದಲ್ಲಿ ಸೇರಿತು. ಹಲವು ಕಂಪೈಲರುಗಳು ಆ ಪದವನ್ನು ಬಲ್ಲವಾದರೂ ಅದರ ಕೆಲವು ಪ್ರಯೋಗಗಳನ್ನು ತಪ್ಪಾಗಿ ನಿರಾಕರಿಸುತ್ತಿದ್ದುವು. ಆದಕಾರಣ ಪರೀಕ್ಷೆಯು ಅಂತಹ ಪ್ರಯೋಗಗಳನ್ನೇ ಸಾಲಾಗಿ ಇಟ್ಟಿದೆ. ಒಂದೊಂದರ ಮೇಲೂ ಅದನ್ನು ನಿರಾಕರಿಸಿದ ಕಂಪೈಲರಿನ ಅಥವಾ ವ್ಯವಸ್ಥೆಯ ಹೆಸರುಂಟು: ಸನ್‌ಓಎಸ್ 4.1.1, ಎಚ್‌ಪಿ-ಯುಎಕ್ಸ್ 7.0, ಎಐಎಕ್ಸ್‌ನ ಎಕ್ಸ್‌ಎಲ್ ಸಿ 1.02.0.0, ಅಲ್ಟ್ರಿಕ್ಸ್ ಇತ್ಯಾದಿ. ಪರೀಕ್ಷೆ ವಿಫಲವಾದರೆ ಆ ಪದಕ್ಕೆ ಶೂನ್ಯಾರ್ಥವನ್ನು ವಿಧಿಸಲಾಗುವುದು. ಅದು ನಿಷೇಧವನ್ನು ಸೂಚಿಸುವ ಪದವಾದುದರಿಂದ, ಸರಿಯಾಗಿ ಬರೆದ ಪ್ರೋಗ್ರಾಮಿನ ಕಾರ್ಯಕ್ಕೆ ಇದರಿಂದ ಸಾಮಾನ್ಯವಾಗಿ ಹಾನಿಯಿಲ್ಲ.

ಮೊದಲನೆಯ ಮಾರ್ಗದ ಕಷ್ಟವು 2000ದಲ್ಲಿ ರೆಡ್ ಹ್ಯಾಟ್ ಕಂಪೆನಿಯು ತನ್ನ ಲಿನಕ್ಸಿನೊಡನೆ ಹಂಚಿದ ಜಿಸಿಸಿ 2.96ರಿಂದ ತಿಳಿಯುತ್ತದೆ. ಇದು ತಮ್ಮ ಅಧಿಕೃತ ಬಿಡುಗಡೆಯಲ್ಲವೆಂದು ಜಿಸಿಸಿಯ ಸಮಿತಿಯು ಅದೇ ವರ್ಷ ಸಾರಿತು. ಎಂಪ್ಲೇಯರ್ ಎಂಬ ಪ್ರೋಗ್ರಾಮಿನ ಸ್ಕ್ರಿಪ್ಟು ಆ ಸಂಖ್ಯೆಯನ್ನು ಕಂಡೊಡನೆ ಕೆಲಸವನ್ನು ನಿಲ್ಲಿಸುತ್ತಿತ್ತು. ಕಂಪೆನಿಯು ಮುಂದೆ ತಿದ್ದುಪಡಿಗಳನ್ನು ಹೊರಡಿಸಿದರೂ ಸಂಖ್ಯೆ ಅದೇ ಉಳಿಯಿತು. ಹೆಸರು ದೋಷಕ್ಕೆ ಸಾಕ್ಷಿಯಲ್ಲ, ಸುಳಿವು ಮಾತ್ರ.

ಪ್ರಯೋಗಕ್ಕೂ ಮಿತಿಯುಂಟು. ಕಂಪೈಲರು ದೂರದೆ ಸ್ವೀಕರಿಸಿ ತಪ್ಪು ಆಜ್ಞೆಗಳನ್ನು ರಚಿಸಿದರೆ, ಅವನ್ನು ನಡೆಸಿ ನೋಡದೆ ತಪ್ಪು ಹೊರಬೀಳುವುದು ಕಷ್ಟ. ಬೇರೊಂದು ಬಗೆಯ ಯಂತ್ರಕ್ಕಾಗಿ ಪ್ರೋಗ್ರಾಮನ್ನು ಸಿದ್ಧಪಡಿಸುವಾಗ ಸಾಮಾನ್ಯವಾಗಿ ಹಾಗೆ ನಡೆಸಲೂ ಆಗದು. ಅಂತಹ ಸಂದರ್ಭದಲ್ಲಿ ಹೆಸರನ್ನೇ ನಂಬಬೇಕಾಗುತ್ತದೆ.

ಈಗ ‘ಕಾನ್ಸ್ಟ್’ ಪರೀಕ್ಷೆಯು ಅನವಶ್ಯಕವೆಂದು ಆಟೋಕಾನ್ಫಿನ ಕೈಪಿಡಿಯೇ ಹೇಳುತ್ತದೆ. ಹಾಗೆ ನಿರ್ಣಯಿಸುವುದು ಸುಲಭವಾದುದು ಆ ಟಿಪ್ಪಣಿಗಳಿಂದ; ಹೆಸರಿಸಿದ ಕಂಪೈಲರುಗಳು ಬಳಕೆಯಿಂದ ಹೋದುವೆಂದು ಯಾರಾದರೂ ಅರಿಯಬಲ್ಲರು. ಕಾರಣವನ್ನು ಬರೆಯದ ಪರಿಹಾರವಾದರೋ ಕಾಲನಿರ್ದೇಶವಿಲ್ಲದ ಶಾಸನದಂತೆ. ತೆಗೆದರೆ ಏನಾದೀತೋ ಎಂಬ ಭಯದಿಂದ ಮುಂದಿನವರು ಅದನ್ನು ಹೊತ್ತುಕೊಂಡೇ ಹೋಗುವರು, ಇಲ್ಲವೆ ಅಳಿಸಿ ಹಳೆಯ ತಪ್ಪಿಗೆ ಮತ್ತೆ ಸಿಕ್ಕುವರು. ದೋಷವನ್ನು ದಾಟಿದವನು ಯಾವ ಕಂಪೈಲರು, ಯಾವ ಆವೃತ್ತಿ, ಏನು ತಪ್ಪಿತು ಎಂಬ ಮೂರು ಸಂಗತಿಗಳನ್ನು ಒಂದು ಸಾಲಿನಲ್ಲಿ ಬರೆದಿಡುವುದು ಮುಂದಿನವರಿಗೆ ಸಲ್ಲಿಸತಕ್ಕ ಋಣವೆಂದು ನಾವು ಭಾವಿಸುತ್ತೇವೆ.