ಒಂದೇ ಅಯೋಡಿನ್, ಎರಡು ಗುಣ

"ರೇಡಿಯೋ ಅಯೋಡಿನ್ ಕುಡಿಯಬೇಕಂತೆ ಹಕೀಮರೇ. ಅದು ವಿಷ ಅಲ್ವಾ? ನೀವೇ ಏನಾದರೂ ಯುನಾನಿ ಔಷಧಿ ಕೊಡಿ."

ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುವ ಕಾಯಿಲೆಯಿಂದ ಸೊರಗಿದ್ದ ಸಹೋದರಿಯೊಬ್ಬರು ಆಸ್ಪತ್ರೆಯ ಚೀಟಿ ಹಿಡಿದು ಬಂದು ಕೇಳಿದ ಮಾತಿದು. ನಿಮ್ಮ ಮನೆಗೂ ಇಂತಹ ಚೀಟಿ ಬಂದಿದ್ದರೆ, ಗಾಬರಿಯಾಗುವ ಮೊದಲು ಒಂದು ವಿಷಯ ತಿಳಿದುಕೊಳ್ಳಿ.

ಪ್ರತಿಯೊಂದು ಪರಮಾಣುವಿನ ನಡುವೆ ಪ್ರೋಟಾನ್‌ಗಳಿವೆ. ಅವುಗಳ ಸಂಖ್ಯೆಯೇ ಅದು ಯಾವ ಧಾತು ಎಂದು ನಿರ್ಧರಿಸುತ್ತದೆ. 53 ಇದ್ದರೆ ಅದು ಅಯೋಡಿನ್. ಜೊತೆಗಿರುವ ನ್ಯೂಟ್ರಾನ್‌ಗಳ ಸಂಖ್ಯೆ ಮಾತ್ರ ಬೇರೆ ಬೇರೆ ಇರಬಹುದು. ಹೀಗೆ ಒಂದೇ ಧಾತುವಿನ, ಆದರೆ ತೂಕ ಬೇರೆಯಾದ ಪರಮಾಣುಗಳನ್ನು ಐಸೋಟೋಪ್ ಅಥವಾ ಸಮಸ್ಥಾನಿ ಎನ್ನುತ್ತಾರೆ.

ನಿಮ್ಮ ಅಡುಗೆಮನೆಯ ಉಪ್ಪಿನಲ್ಲಿ, ಸಮುದ್ರದ ಮೀನಿನಲ್ಲಿ ಇರುವುದು ಅಯೋಡಿನ್-127. ಅದರಲ್ಲಿ 74 ನ್ಯೂಟ್ರಾನ್‌ಗಳು. ಅದು ಸ್ಥಿರ, ಯಾವ ಕಿರಣವನ್ನೂ ಸೂಸದು. ಚಿಕಿತ್ಸೆಗೆ ಕೊಡುವುದು ಅಯೋಡಿನ್-131. ಅದರಲ್ಲಿ 78 ನ್ಯೂಟ್ರಾನ್‌ಗಳು. ಅದು ಅಸ್ಥಿರ, ಕಿರಣ ಸೂಸುತ್ತಾ ಕರಗುತ್ತದೆ. 8 ದಿನಗಳಲ್ಲಿ ಅರ್ಧ ಉಳಿಯುತ್ತದೆ, 16 ದಿನಗಳಲ್ಲಿ ಕಾಲು ಭಾಗ.

ಥೈರಾಯ್ಡ್‌ಗೆ ಈ ಎರಡರ ವ್ಯತ್ಯಾಸ ತಿಳಿಯದು. ಎರಡನ್ನೂ ಒಂದೇ ರೀತಿ ಹೀರಿಕೊಳ್ಳುತ್ತದೆ. ಚಿಕಿತ್ಸೆಯ ಗುಟ್ಟು ಇದೇ. ಒಳಸೇರಿದ ಅಯೋಡಿನ್-131ರ ಬೀಟಾ ಕಿರಣ ಸುಮಾರು 2 ಮಿಲಿಮೀಟರ್ ಒಳಗೇ ನಿಂತು, ಅತಿಯಾಗಿ ದುಡಿಯುವ ಜೀವಕೋಶಗಳನ್ನು ನಾಶ ಮಾಡುತ್ತದೆ. ಅಪಾಯದ ಮೂಲವೂ ಇದೇ. 1986ರ ಚೆರ್ನೋಬಿಲ್ ದುರಂತದಲ್ಲಿ ಇದೇ ಐಸೋಟೋಪ್ ಹುಲ್ಲಿನ ಮೇಲೆ ಬಿದ್ದು, ಹಸುವಿನ ಹಾಲಿನ ಮೂಲಕ ಮಕ್ಕಳ ಥೈರಾಯ್ಡ್ ಸೇರಿ, ಅನೇಕರಿಗೆ ಕ್ಯಾನ್ಸರ್ ತಂದಿತು.

ಆದ್ದರಿಂದ ಭಯ ಬೇಡ, ಎಚ್ಚರ ಬೇಕು. ಗರ್ಭಿಣಿಯರು ಇದನ್ನು ತೆಗೆದುಕೊಳ್ಳಲೇಬಾರದು. ಎದೆಹಾಲು ಕುಡಿಸುತ್ತಿದ್ದರೆ ಮೊದಲೇ ತಿಳಿಸಿ. ಹಾಲು ಬಿಡಿಸಿ ಕೆಲವು ವಾರಗಳಾದ ನಂತರವೇ ಚಿಕಿತ್ಸೆ, ಆ ಮಗುವಿಗೆ ಮತ್ತೆ ಕುಡಿಸುವಂತಿಲ್ಲ. ಔಷಧಿಯ ಅಂಶ ಉಗುಳು, ಬೆವರು, ಮೂತ್ರದಲ್ಲಿ ಹೊರಬರುತ್ತದೆ. ಗಾಮಾ ಕಿರಣ ದೇಹದ ಹೊರಗೂ ಬರುತ್ತದೆ. ಹಾಗಾಗಿ ವೈದ್ಯರು ಹೇಳಿದಷ್ಟು ದಿನ ಮಕ್ಕಳನ್ನು ಮಡಿಲಲ್ಲಿ ಕೂರಿಸಬೇಡಿ, ಬೇರೆ ಮಲಗಿ. ಒಂದೇ ದೊಡ್ಡ ತಟ್ಟೆಯಲ್ಲಿ ಕೂಡಿ ಉಣ್ಣುವ ಪದ್ಧತಿ ನಮ್ಮ ಎಷ್ಟೋ ಮನೆಗಳಲ್ಲಿದೆ. ಅಷ್ಟು ದಿನ ರೋಗಿಗೆ ಬೇರೆ ತಟ್ಟೆ, ಲೋಟ, ಟವೆಲ್ ಇರಲಿ. ಶೌಚಾಲಯಕ್ಕೆ ಧಾರಾಳ ನೀರು ಹಾಕಿ.

ಆ ಸಹೋದರಿಗೆ ನಾನು ಹೇಳಿದ್ದು ಇಷ್ಟೇ: "ಇದಕ್ಕೆ ಬದಲಿಯಾಗಿ ಕೊಡುವ ಯುನಾನಿ ಔಷಧಿ ನನ್ನ ಬಳಿ ಇಲ್ಲ. ತಡ ಮಾಡಬೇಡಿ. ಎಷ್ಟು ದಿನ ಮಕ್ಕಳಿಂದ ದೂರ ಇರಬೇಕು, ಮುಂದಿನ ಗರ್ಭಕ್ಕೆ ಎಷ್ಟು ತಿಂಗಳು ಕಾಯಬೇಕು, ಆಮೇಲೆ ಥೈರಾಯ್ಡ್ ಮಾತ್ರೆ ಜೀವನಪೂರ್ತಿ ಬೇಕಾಗಬಹುದೇ, ಈ ಮೂರನ್ನೂ ಆಸ್ಪತ್ರೆಯಲ್ಲಿ ಕೇಳಿ, ಬರೆದುಕೊಂಡು ಬನ್ನಿ."