ಪರದೇಶದಲ್ಲಿ ಫ್ಲೂ: “ಬಂದುಬಿಡು” ಅನ್ನುವ ಮುನ್ನ



ನಾವು ಹೊರನಾಡ ಕನ್ನಡಿಗರು. ಊರು ಬಿಟ್ಟು ಮುಂಬೈಗೋ ಪುಣೆಗೋ ಹೈದರಾಬಾದಿಗೋ ಬಂದು ನೆಲೆಸಿದವರು. ನಮ್ಮಲ್ಲಿ ಎಷ್ಟೋ ಮಂದಿಯ ಮಕ್ಕಳು ಇನ್ನೂ ಮುಂದಕ್ಕೆ ಹೋಗಿ ದುಬೈ, ಲಂಡನ್, ನ್ಯೂಜೆರ್ಸಿ, ಸಿಡ್ನಿ ಸೇರಿದ್ದಾರೆ. ಅಲ್ಲಿ ಫ್ಲೂ ಜೋರಾಗಿದೆ ಎಂದು ಟೀವಿಯಲ್ಲಿ ಕಂಡದ್ದೇ ತಡ, ಇಲ್ಲಿಂದ ಫೋನ್ ಹೋಗುತ್ತದೆ: “ರಜೆ ಹಾಕಿ ಬಂದುಬಿಡು ಮಗಾ, ಇಲ್ಲಿ ನಾವು ನೋಡ್ಕೋತೀವಿ.” ಹೇಳುವವರ ಪ್ರೀತಿಯಲ್ಲಿ ಕೊರತೆಯಿಲ್ಲ. ಆದರೆ ಆ ಸಲಹೆ ಮಾತ್ರ ಹೆಚ್ಚಿನ ಸಲ ಸರಿಯಾದದ್ದಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ನೋಡೋಣ.

ಫ್ಲೂ ವೈರಸ್ ಮೈಯೊಳಗೆ ಹೊಕ್ಕ ಮೇಲೆ ಜ್ವರ ಕಾಣಿಸಿಕೊಳ್ಳಲು ಒಂದರಿಂದ ನಾಲ್ಕು ದಿನ ಬೇಕು. ಆದರೆ ಜ್ವರ ಬರುವ ಒಂದು ದಿನ ಮೊದಲೇ ಆ ವ್ಯಕ್ತಿಯಿಂದ ಬೇರೆಯವರಿಗೆ ಸೋಂಕು ಹರಡಬಹುದು. ಅಂದರೆ, ಚೆನ್ನಾಗಿಯೇ ಇದ್ದ ಹುಡುಗ ವಿಮಾನ ಹತ್ತಿ, ನಡುದಾರಿಯಲ್ಲಿ ಮೈ ಬಿಸಿಯಾಗಿ, ಮನೆಗೆ ಬಂದು ಅಜ್ಜಿಯ ಪಕ್ಕದಲ್ಲಿ ಮಲಗುತ್ತಾನೆ. ವಿಮಾನ ನಿಲ್ದಾಣದ ಕ್ಯಾಮೆರಾ ಮೈಯ ಬಿಸಿಯನ್ನಷ್ಟೇ ಗುರುತಿಸುತ್ತದೆ, ವೈರಸ್ಸನ್ನಲ್ಲ. 2009ರ ಹಂದಿಜ್ವರ ನೆನಪಿದೆಯಲ್ಲ? ಏಪ್ರಿಲ್‌ನಲ್ಲಿ ಮೆಕ್ಸಿಕೊ ಮತ್ತು ಕ್ಯಾಲಿಫೋರ್ನಿಯಾದಲ್ಲಿ ಪತ್ತೆಯಾದ ಆ ಎಚ್1ಎನ್1 ವೈರಸ್, ನಮ್ಮ ನಿಲ್ದಾಣಗಳಲ್ಲಿ ತಪಾಸಣೆ ನಡೆಯುತ್ತಿದ್ದಾಗಲೇ ಒಳಗೆ ಬಂತು. ಮೇ 16ರಂದು ಹೈದರಾಬಾದಿನಲ್ಲಿ ದೇಶದ ಮೊದಲ ಪ್ರಕರಣ ಖಚಿತವಾಯಿತು. ರೋಗಿ ಅಮೆರಿಕದಿಂದ ಬಂದಿದ್ದ ಯುವಕ. ಆಗಸ್ಟ್ 3ರಂದು ಪುಣೆಯಲ್ಲಿ ಮೊದಲ ಸಾವು. ಆಮೇಲೆ ಪುಣೆ, ಮುಂಬೈಗಳಲ್ಲಿ ಶಾಲೆಗಳಿಗೂ ಸಿನಿಮಾ ಮಂದಿರಗಳಿಗೂ ಕೆಲವು ದಿನ ಬೀಗ ಬಿದ್ದದ್ದು ಅಲ್ಲಿನ ಕೇಳುಗರಿಗೆ ಮರೆತಿರಲಾರದು.

ಇನ್ನೊಂದು ಅಪಾಯ, ದಾರಿಯಲ್ಲೇ ಸಿಕ್ಕಿಬೀಳುವುದು. ಅದೇ ವರ್ಷ ಮೇ 1ರಂದು ಹಾಂಗ್‌ಕಾಂಗ್‌ನ ಮೆಟ್ರೋಪಾರ್ಕ್ ಹೋಟೆಲಿನ ಒಬ್ಬ ಅತಿಥಿಗೆ ಸೋಂಕು ಇದೆ ಎಂದು ಗೊತ್ತಾದಾಗ, ಅತಿಥಿಗಳು, ನೌಕರರು ಸೇರಿ ಸುಮಾರು 300 ಮಂದಿಯನ್ನು ಏಳು ದಿನ ಒಳಗೇ ಇಟ್ಟರು. ರಾತ್ರಿ ತಂಗಿ ಬೆಳಿಗ್ಗೆ ವಿಮಾನ ಹಿಡಿಯೋಣ ಅಂದುಕೊಂಡು ಬಂದವರಿಗೂ ಅದೇ ಗತಿ. ಫ್ಲೂ ಅಲ್ಲದಿದ್ದರೂ 2020ರ ಕೊರೊನಾ ಕಾಲವನ್ನೂ ನೋಡಿ: ಮಾರ್ಚ್ 22ರಿಂದ ಒಂದು ವಾರ ಎಂದು ನಿಂತ ಅಂತರರಾಷ್ಟ್ರೀಯ ವಿಮಾನಗಳ ಮಾಮೂಲಿ ಓಡಾಟ ಮತ್ತೆ ಶುರುವಾದದ್ದು 2022ರ ಮಾರ್ಚ್ 27ಕ್ಕೆ. ಹೊರಗೆ ಉಳಿದವರನ್ನು ಕರೆತರುವ ವಂದೇ ಭಾರತ್ ವಿಮಾನಗಳು 2020ರ ಮೇ 7ರಿಂದ ಹಾರತೊಡಗಿದವು. ಅದಕ್ಕೆ ಮೊದಲಿನ ಆರು ವಾರಗಳಲ್ಲಿ ಬಾಡಿಗೆ ಮನೆ ಬಿಟ್ಟು ನಿಲ್ದಾಣದಲ್ಲಿ ಕುಳಿತವರಿಗಿಂತ, ಇದ್ದ ಮನೆಯಲ್ಲೇ ಅಕ್ಕಿ ಬೇಳೆ ಕೂಡಿಟ್ಟುಕೊಂಡವರು ಸುಖವಾಗಿದ್ದರು.

ಊರು ಅಂದರೆ ಫ್ಲೂ ಇಲ್ಲದ ಜಾಗವೂ ಅಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ಒಮ್ಮೆ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಮ್ಮೆ ಅದು ಏರುತ್ತದೆ.

ಹಾಗಾದರೆ ಪರದೇಶದಲ್ಲಿರುವವರಿಗೆ ಆಸರೆ ಯಾರು? ರಾಯಭಾರ ಕಚೇರಿ ಎಲ್ಲ ನೋಡಿಕೊಳ್ಳುತ್ತದೆ ಎಂಬ ನಂಬಿಕೆ ಹಲವರಿಗಿದೆ. ಅಮೆರಿಕದಂಥ ದೇಶವೇ 2009ರ ಸುಮಾರಿಗೆ ಹೊರದೇಶಗಳಲ್ಲಿದ್ದ ತನ್ನ ನಾಗರಿಕರಿಗೆ, ರಾಯಭಾರ ಕಚೇರಿಯಿಂದ ಔಷಧಿ ಸಿಗುವುದಿಲ್ಲ, ಇದ್ದಲ್ಲೇ ಉಳಿಯಲು ತಯಾರಾಗಿರಿ, ಸ್ಥಳೀಯ ವೈದ್ಯರನ್ನು ಈಗಲೇ ಗೊತ್ತುಮಾಡಿಕೊಳ್ಳಿ ಎಂದು ಹೇಳಿತ್ತು. ನಮ್ಮ ಕಚೇರಿಗಳೂ ಆಸ್ಪತ್ರೆ ನಡೆಸುವುದಿಲ್ಲ. ಅವರು ಸುದ್ದಿ ಮುಟ್ಟಿಸಬಲ್ಲರು, ಕಾಗದಪತ್ರಕ್ಕೆ ನೆರವಾಗಬಲ್ಲರು. ತೀರಾ ಕೈಸಾಗದವರಿಗೆ ತುರ್ತು ಚಿಕಿತ್ಸೆಗೆ ನೆರವು ಕೊಡಲು 2009ರಲ್ಲಿ ಶುರುವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಆದ್ದರಿಂದ ಮಗ ಅಥವಾ ಮಗಳು ಅಲ್ಲಿನ ಭಾರತೀಯ ಕಚೇರಿಯ ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಿರಲಿ. ಇಲ್ಲಿಂದ ದೂರು, ವಿಚಾರಣೆಗೆ 2015ರಿಂದ ‘ಮದದ್’ ಪೋರ್ಟಲ್ ಇದೆ. ಇಷ್ಟು ಸಾಕು, ಇದಕ್ಕಿಂತ ಹೆಚ್ಚಿಗೆ ನೆಚ್ಚಿಕೊಳ್ಳಬೇಡಿ.

ನಿಜವಾದ ಆಸರೆ ಪಕ್ಕದ ಮನೆಯಲ್ಲಿ ಸಿಗುತ್ತದೆ. 2009ರ ಜುಲೈನಲ್ಲಿ ಇಂಗ್ಲೆಂಡ್ ಒಂದು ಒಳ್ಳೆಯ ಏರ್ಪಾಡು ಮಾಡಿತ್ತು. ಕಾಯಿಲೆಯವರು ಕ್ಲಿನಿಕ್ಕಿಗೆ ಹೋಗದೆ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಲಕ್ಷಣ ಹೇಳಬೇಕು. ಔಷಧಿ ಬೇಕೆಂದಾದರೆ ಒಂದು ಸಂಖ್ಯೆ ಕೊಡುತ್ತಾರೆ. ಆ ಸಂಖ್ಯೆ ಹಿಡಿದು ಗೆಳೆಯರೊಬ್ಬರು ಹೋಗಿ ಮಾತ್ರೆ ತಂದುಕೊಡಬೇಕು. ಆ ಗೆಳೆಯರನ್ನು ‘ಫ್ಲೂ ಫ್ರೆಂಡ್’ ಅಂತಲೇ ಕರೆದರು. ಒಂಟಿಯಾಗಿ ಕೋಣೆ ಮಾಡಿಕೊಂಡಿರುವ ನಿಮ್ಮ ಮಗಳಿಗೆ ಅಂಥ ಒಬ್ಬರು ಇದ್ದಾರೆಯೇ? ಬಾಗಿಲ ಹೊರಗೆ ಗಂಜಿಯ ಡಬ್ಬಿ ಇಟ್ಟು, ದಿನಕ್ಕೆ ಎರಡು ಸಲ ಫೋನ್ ಮಾಡಿ, ಉತ್ತರ ಬರದಿದ್ದರೆ ಬಾಗಿಲು ತಟ್ಟುವವರು? ಅಲ್ಲಿಯ ಕನ್ನಡ ಕೂಟ ಯುಗಾದಿ, ರಾಜ್ಯೋತ್ಸವಕ್ಕೆ ಮಾತ್ರ ಇರುವುದಲ್ಲ ಅಂತ ನೆನಪಿಸಿ.

ಇನ್ನು ಔಷಧಿಯ ಹೆಸರುಗಳ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಎಡವಟ್ಟು ಆಗುವುದು ಇಲ್ಲಿಯೇ. ನಾವು ಕ್ರೋಸಿನ್, ಡೋಲೊ ಅನ್ನುವುದು ಪ್ಯಾರಾಸಿಟಮಾಲ್. ಅದೇ ವಸ್ತು ಅಮೆರಿಕದಲ್ಲಿ ಅಸಿಟಮಿನೋಫೆನ್, ಅಂಗಡಿಯಲ್ಲಿ ಟೈಲೆನಾಲ್. ದುಬೈಯಲ್ಲಿ ಪನಡಾಲ್ ಅಥವಾ ಅಡೋಲ್. ಸೂಟ್‌ಕೇಸಿನಲ್ಲಿ ತಂದ ಡೋಲೊ ನುಂಗಿ, ಸೊಸೆ ಕೊಟ್ಟ ಟೈಲೆನಾಲ್ ನುಂಗಿ, ರಾತ್ರಿ ಕೆಮ್ಮಿಗೆಂದು ನೈಕ್ವಿಲ್ ಕುಡಿದರೆ ಮೂರು ಸಲವೂ ಹೋದದ್ದು ಒಂದೇ ಔಷಧಿ. ಬ್ರಿಟನ್ನಿನ ಲೆಮ್‌ಸಿಪ್‌ನಲ್ಲೂ ಅದೇ ಇದೆ. ದೊಡ್ಡವರಿಗೆ 24 ಗಂಟೆಯಲ್ಲಿ 4 ಗ್ರಾಂ ಮೇಲಿನ ಮಿತಿ. ಡೋಲೊ 650ರ ಆರು ಮಾತ್ರೆಗೇ ಹತ್ತಿರ ಹತ್ತಿರ ಅಷ್ಟಾಯಿತು. ಮಿತಿ ಮೀರಿದರೆ ಪೆಟ್ಟು ಬೀಳುವುದು ಯಕೃತ್ತಿಗೆ. ಮಕ್ಕಳಿಗೂ ಹರೆಯದವರಿಗೂ ಫ್ಲೂ ಇರುವಾಗ ಆಸ್ಪಿರಿನ್ ಅಂತೂ ಕೊಡಲೇಬಾರದು. ಅಸ್ತಮಾದವರು ಬಳಸುವ ಅಸ್ತಾಲಿನ್ ಇನ್‌ಹೇಲರಿನ ಸಾಲ್ಬುಟಮಾಲ್‌ಗೆ ಅಮೆರಿಕದಲ್ಲಿ ಅಲ್ಬ್ಯುಟೆರಾಲ್ ಎಂದು ಹೆಸರು. ಹಳೆಯ ಹೆಸರು ಹೇಳಿದರೆ ಅಂಗಡಿಯವರು ಕಣ್ಣುಕಣ್ಣು ಬಿಡಬಹುದು.

ಎಲ್ಲಕ್ಕಿಂತ ಅಪಾಯದ್ದು ಇನ್ಸುಲಿನ್. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಸೀಸೆಯಲ್ಲಿ ಒಂದು ಮಿಲಿಲೀಟರಿಗೆ 40 ಯುನಿಟ್ ಇರುತ್ತದೆ, ಸಿರಿಂಜೂ ಅದಕ್ಕೆ ತಕ್ಕದ್ದು. ಅಮೆರಿಕದ ಸೀಸೆಯಲ್ಲಿ ಸಾಮಾನ್ಯವಾಗಿ 100 ಯುನಿಟ್. ವಿಮಾನ ರದ್ದಾಗಿ, ಇಲ್ಲಿಂದ ಒಯ್ದದ್ದು ಮುಗಿದು, ಅಲ್ಲಿಯ ಸೀಸೆ ತಂದು ನಮ್ಮ ಸಿರಿಂಜಿನಲ್ಲಿ ಅದೇ ಗೆರೆಯವರೆಗೆ ಎಳೆದರೆ ಎರಡೂವರೆ ಪಟ್ಟು ಇನ್ಸುಲಿನ್ ಒಳಗೆ ಹೋಯಿತು ಅಂತಲೇ. ಅಲ್ಲಿಯ ಸೀಸೆಗೆ ಅಲ್ಲಿಯದೇ ಸಿರಿಂಜು. ಜ್ವರದಲ್ಲಿ ಸಕ್ಕರೆ ಏರುಪೇರಾಗುವುದರಿಂದ ಅಳತೆ ಯಂತ್ರವೂ ಪಟ್ಟಿಗಳೂ ಕೈಗೆ ಸಿಗುವಂತಿರಲಿ.

ಔಷಧಿ ಒಯ್ಯುವವರು ಅದರ ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿಯ ಸಮೇತ ಒಯ್ಯಿರಿ. ಚೀಟಿಯಲ್ಲಿ ಕಂಪನಿ ಹೆಸರಿನ ಜತೆಗೆ ಔಷಧಿಯ ಮೂಲ ಹೆಸರನ್ನೂ ಬರೆಸಿ. ಕೋಡೀನ್ ಇರುವ ಕೆಮ್ಮಿನ ಸಿರಪ್ಪು ಯುಎಇಯಲ್ಲಿ ನಿಯಂತ್ರಿತ ಔಷಧಿ. ಅನುಮತಿಯಿಲ್ಲದೆ ಒಯ್ದರೆ ತೊಂದರೆ. ಜಪಾನಿಗೆ ಹೋಗುವವರು ಮೂಗು ಕಟ್ಟಿದ್ದಕ್ಕೆ ಕೊಡುವ ಸ್ಯೂಡೋಎಫೆಡ್ರಿನ್ ಬಗ್ಗೆ ಮೊದಲೇ ವಿಚಾರಿಸಿಕೊಳ್ಳಬೇಕು.

ಜ್ವರ ಬಂದೇ ಬಿಟ್ಟರೆ? ಆರೋಗ್ಯವಂತರಿಗೆ ವಿಶ್ರಾಂತಿ, ನೀರು, ಗಂಜಿ, ಮೆಣಸಿನ ಸಾರು, ಪ್ಯಾರಾಸಿಟಮಾಲ್ ಬಹುಪಾಲು ಸಾಕು. ಮಾತ್ರೆಯಿಲ್ಲದೆ ಜ್ವರ ಬಿಟ್ಟು 24 ಗಂಟೆ ಕಳೆಯುವವರೆಗೆ ಹೊರಗೆ ಹೋಗಬಾರದು. ಆದರೆ 65 ದಾಟಿದವರು, ಐದರೊಳಗಿನ ಮಕ್ಕಳು, ಬಸುರಿಯರು, ಸಕ್ಕರೆ ಕಾಯಿಲೆ, ಅಸ್ತಮಾ, ಹೃದಯ ಅಥವಾ ಮೂತ್ರಪಿಂಡದ ತೊಂದರೆಯವರು ಕಾಯಬಾರದು. ವೈರಸ್ ತಡೆಯುವ ಒಸೆಲ್ಟಾಮಿವಿರ್, ಅಂದರೆ ಟಾಮಿಫ್ಲೂ, ಲಕ್ಷಣ ಶುರುವಾದ 48 ಗಂಟೆಯೊಳಗೆ ತೆಗೆದುಕೊಂಡರೆ ಹೆಚ್ಚು ಫಲ ಕೊಡುತ್ತದೆ. ವೈದ್ಯರಿಗೆ ಮೊದಲ ದಿನವೇ ಫೋನ್ ಮಾಡಬೇಕು ಅನ್ನುವುದು ಇದಕ್ಕೇ. (ಆ ಔಷಧಿಯ ಮೂಲವಸ್ತುವನ್ನು ಬಿರಿಯಾನಿಗೆ ಹಾಕುವ ಚಕ್ರಮೊಗ್ಗಿನಿಂದ ತೆಗೆಯುತ್ತಿದ್ದರು ಎಂಬುದು ನಿಜ. ಹಾಗೆಂದು ಚಕ್ರಮೊಗ್ಗಿನ ಕಷಾಯ ಕುಡಿದರೆ ಟಾಮಿಫ್ಲೂ ಆಗುವುದಿಲ್ಲ. ನಡುವೆ ಕಾರ್ಖಾನೆಯ ಎಷ್ಟೋ ಹಂತಗಳಿವೆ.) ಉಸಿರಾಡಲು ಕಷ್ಟ, ಎದೆನೋವು, ತುಟಿ ನೀಲಿಗಟ್ಟುವುದು, ಮಾತಿನಲ್ಲಿ ಗೊಂದಲ, ಮೂತ್ರ ನಿಲ್ಲುವುದು, ಜ್ವರ ಇಳಿದು ಮತ್ತೆ ಜೋರಾಗಿ ಬರುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆ. ಆಂಬುಲೆನ್ಸ್‌ಗೆ ಅಮೆರಿಕದಲ್ಲಿ 911, ಬ್ರಿಟನ್‌ನಲ್ಲಿ 999, ಯುಎಇಯಲ್ಲಿ 998, ಆಸ್ಟ್ರೇಲಿಯಾದಲ್ಲಿ 000. ಅಷ್ಟು ತುರ್ತಲ್ಲದ ಸಲಹೆಗೆ ಬ್ರಿಟನ್‌ನಲ್ಲಿ 111 ಇದೆ.

ಕೊನೆಗೆ, ಮೊಮ್ಮಗುವನ್ನು ನೋಡಲು ಆರು ತಿಂಗಳಿಗೆಂದು ಹೊರಡುವ ಹಿರಿಯರೇ, ನಿಮಗೆ ಎರಡು ಮಾತು. ಅಮೆರಿಕಕ್ಕೆ ಹೋಗುವವರು ಕೊಳ್ಳುವ ವಿಮೆಗಳಲ್ಲಿ ಬಹಳಷ್ಟು ಹಳೆಯ ಕಾಯಿಲೆಗಳ ಖರ್ಚನ್ನು ಭರಿಸುವುದಿಲ್ಲ, ಅಥವಾ ಒಮ್ಮೆಗೇ ಉಲ್ಬಣಿಸಿದಾಗ ಒಂದು ಮಿತಿಯವರೆಗೆ ಮಾತ್ರ ಕೊಡುತ್ತವೆ. ಅಗ್ಗದ ಪಾಲಿಸಿ ಕಂಡು ಹಿಗ್ಗುವ ಮೊದಲು ಆ ಪುಟವನ್ನು ಮಗನಿಂದಲೇ ಓದಿಸಿಕೊಳ್ಳಿ. ತುರ್ತು ಸ್ಥಿತಿಯಲ್ಲಿ ಅಲ್ಲಿಯ ಆಸ್ಪತ್ರೆಯ ತುರ್ತು ವಿಭಾಗ ಹಣವಿಲ್ಲವೆಂದು ನಿಮ್ಮನ್ನು ನೋಡದೆ ಕಳಿಸುವಂತಿಲ್ಲ, ಕಾನೂನೇ ಹಾಗಿದೆ. ಬಿಲ್ಲು ಮಾತ್ರ ಆಮೇಲೆ ಮನೆಗೆ ಬರುತ್ತದೆ. ಇನ್ನು ಲಸಿಕೆ. ಫ್ಲೂ ಲಸಿಕೆ ಯಾವ ತಳಿಗಳಿಗೆ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಉತ್ತರಾರ್ಧ ಗೋಳಕ್ಕೆ ಫೆಬ್ರುವರಿಯಲ್ಲಿ, ದಕ್ಷಿಣಾರ್ಧಕ್ಕೆ ಸೆಪ್ಟೆಂಬರಿನಲ್ಲಿ ಹೇಳುತ್ತದೆ. ನ್ಯೂಜೆರ್ಸಿಯ ಚಳಿಗಾಲಕ್ಕೆ ಹೋಗುವವರಿಗೂ ಜೂನ್‌ನಲ್ಲಿ ಸಿಡ್ನಿಯ ಚಳಿಗೆ ಇಳಿಯುವವರಿಗೂ ಬೇಕಾದದ್ದು ಒಂದೇ ಆಗಿರಬೇಕೆಂದಿಲ್ಲ. ಯಾವ ದೇಶ, ಯಾವ ತಿಂಗಳು ಎಂದು ವೈದ್ಯರಿಗೆ ಹೇಳಿ, ಹೊರಡುವ ಎರಡು ವಾರ ಮೊದಲಾದರೂ ಹಾಕಿಸಿಕೊಳ್ಳಿ. ಅದು ಮೈಯಲ್ಲಿ ಕೆಲಸ ಶುರುಮಾಡಲು ಅಷ್ಟು ದಿನ ಬೇಕು.