ಹಳೆಯ ರೇಡಿಯೋವಿಗೆ ಬಿಡಿಭಾಗಗಳು

ಮಂಡಿಕಲ್ಲಿನಂತಹ ಊರುಗಳಲ್ಲಿ ಅಟ್ಟದಿಂದ ಅಜ್ಜನವರ ವಾಲ್ವು ರೇಡಿಯೋವನ್ನು ಇಳಿಸಿದ ಗೃಹಸ್ಥರು ಕುತೂಹಲದಿಂದ ಒಡನೆಯೇ ಅದಕ್ಕೆ ವಿದ್ಯುತ್ತನ್ನು ಕೊಡಬಾರದು. ಒಳಗಿನ ಕಾಗದದ ಕಂಡೆನ್ಸರು ಕಾಲಕ್ರಮದಲ್ಲಿ ಸೋರತೊಡಗಿ, ಕೊನೆಯ ವಾಲ್ವಿನಲ್ಲಿ ಮಿತಿಮೀರಿ ವಿದ್ಯುತ್ತು ಹರಿಯುವಂತೆ ಮಾಡಿ ಅದನ್ನು ಕೆಡಿಸಿಬಿಡುವುದು. ಅಲ್ಪಬೆಲೆಯ ಕಂಡೆನ್ಸರಾದರೋ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ ಹೊಸದೇ ದೊರೆಯುವುದು. ಅದರ ವೋಲ್ಟೇಜು ಹಳೆಯದಕ್ಕಿಂತ ಕಡಿಮೆಯಿರಕೂಡದು, ಅಷ್ಟೆ.

ವಾಲ್ವುಗಳ ಸಂಗತಿಯೇ ಬೇರೆ. 1954ರಲ್ಲಿ ಸ್ಥಾಪಿತವಾದ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು ಹಿಂದೆ ಇವನ್ನು ತಯಾರಿಸುತ್ತಿದ್ದಿತು, ಈಗಿಲ್ಲ. ಇಎಲ್ 84 ಎಂಬುದು ಗಿಟಾರು ವಾದಕರ ಪುಣ್ಯದಿಂದ ಪರದೇಶಗಳಲ್ಲಿ ಇಂದಿಗೂ ತಯಾರಾಗುತ್ತಿದೆ. ಇಸಿಎಚ್ 81ಕ್ಕೆ ಮಾತ್ರ ಹಳೆಯ ದಾಸ್ತಾನನ್ನೋ, ಕೆಟ್ಟುಹೋದ ಮತ್ತೊಂದು ರೇಡಿಯೋವನ್ನೋ ಅರಸಬೇಕು. ಗುಜರಿಯವನು ತೂಕಕ್ಕೆ ಕೇಳುವ ಅಂತಹ ಪೆಟ್ಟಿಗೆಯಲ್ಲಿ ನಿಲಯಗಳನ್ನು ಹಿಡಿಯುವ ಗ್ಯಾಂಗ್ ಕಂಡೆನ್ಸರೂ ಸುಸ್ಥಿತಿಯಲ್ಲಿ ಸಿಕ್ಕುವುದುಂಟು.